ಬೇರೆಯಾಗುವ ದಂಪತಿಗಳಿಗೆ ಮಧ್ಯಸ್ಥಿಕೆ: ಗಡಿನಾಡಿನ ಸದಸ್ಯರಿಗೆ ಮಾಹಿತಿ

ಹೆಣ್ಣು ಕೊಟ್ಟು ತರುವಾಗ ನಮ್ಮಲ್ಲಿ ಯಾರೂ ರಾಜ್ಯದ ಗಡಿ ನೋಡುವುದಿಲ್ಲ. ಜತ್ತದಿಂದ ವಿಜಯಪುರಕ್ಕೆ, ತಾಳವಾಡಿಯಿಂದ ಚಾಮರಾಜನಗರಕ್ಕೆ, ಕಾಸರಗೋಡಿನಿಂದ ಪುತ್ತೂರಿಗೆ ನಂಟಸ್ತನ ನಡೆದೇ ಇದೆ. ಸಂಸಾರ ಮುರಿದಾಗ ಮಾತ್ರ ಗಡಿ ಅಡ್ಡ ಬರುತ್ತದೆ. ಗಂಡ ಒಂದು ರಾಜ್ಯದಲ್ಲಿ, ಹೆಂಡತಿ ಇನ್ನೊಂದರಲ್ಲಿ ದಾವೆ ಹೂಡಿದರೆ, ಪ್ರಕರಣದ ವರ್ಗಾವಣೆಗೆ ಸುಪ್ರೀಂ ಕೋರ್ಟಿಗೆ ಹೋಗಬೇಕಾದೀತು. ಈ ಅಲೆದಾಟ ತಪ್ಪಿಸಬಲ್ಲ ದಾರಿ ಮಧ್ಯಸ್ಥಿಕೆ.

ಹೇಗೆ ನಡೆಯುತ್ತದೆ?
ತರಬೇತಿ ಪಡೆದ ಮಧ್ಯಸ್ಥಗಾರರು ಇಬ್ಬರನ್ನೂ ಒಟ್ಟಿಗೆ, ಬೇಕಾದರೆ ಬೇರೆಬೇರೆಯಾಗಿ ಕೂರಿಸಿ ಮಾತಾಡಿಸುತ್ತಾರೆ. ಅವರು ತೀರ್ಪು ಕೊಡುವುದಿಲ್ಲ. ಅಲ್ಲಿ ಆಡಿದ ಮಾತು ಗುಟ್ಟಾಗಿರುತ್ತದೆ. ಊರ ಪಂಚಾಯಿತಿಗೂ ಇದಕ್ಕೂ ಇರುವ ದೊಡ್ಡ ವ್ಯತ್ಯಾಸ ಇದೇ. ಮತ್ತೆ ಕೂಡಿಸುವುದಷ್ಟೇ ಉದ್ದೇಶವಲ್ಲ; ಜಗಳವಿಲ್ಲದೆ ಬೇರೆಯಾಗಲೂ ನೆರವಾಗುತ್ತದೆ.

ಕಾನೂನಿನ ಆಧಾರ
• 1984ರ ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆಯ 9ನೇ ಕಲಮಿನಂತೆ, ಮೊದಲು ರಾಜಿಗೆ ಯತ್ನಿಸುವುದು ನ್ಯಾಯಾಲಯದ ಕರ್ತವ್ಯ.
• ಹಿಂದೂ ವಿವಾಹ ಕಾಯ್ದೆಯಡಿ ಪರಸ್ಪರ ಒಪ್ಪಿಗೆಯ ವಿಚ್ಛೇದನಕ್ಕೆ ಅರ್ಜಿ ಹಾಕಿದ ಮೇಲೆ 6 ತಿಂಗಳು ಕಾಯಬೇಕು. ಜೀವನಾಂಶ, ಮಕ್ಕಳ ಪಾಲನೆ ಎಲ್ಲವೂ ಇತ್ಯರ್ಥವಾಗಿದ್ದು ಕೂಡಿಸುವ ಯತ್ನ ವಿಫಲವಾಗಿದ್ದರೆ, ಆ ಅವಧಿಯನ್ನು ನ್ಯಾಯಾಲಯ ಮನ್ನಾ ಮಾಡಬಹುದೆಂದು 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಏನೇನು ಮಾತಾಡಬೇಕು?
ಮಗು ಯಾರ ಬಳಿ ಇರಬೇಕು, ರಜೆ ಮತ್ತು ಹಬ್ಬ ಯಾರ ಮನೆಯಲ್ಲಿ, ಜೀವನಾಂಶ ಎಷ್ಟು, ಒಡವೆ ಯಾರಿಗೆ. ಗಡಿಯಾಚೆ ಹೋಗುವ ಮಗುವಿನ ಶಾಲೆ ಕನ್ನಡ ಮಾಧ್ಯಮದ್ದೋ ಬೇರೆಯದೋ ಎಂಬುದನ್ನೂ ಬರೆಸಿ. ಮುಂದೆ ತಕರಾರಾಗುವುದು ಇಂಥ ಸಣ್ಣ ವಿಷಯಗಳಿಗೇ.

ಎಲ್ಲಿ ಕೇಳಬೇಕು?
ಪ್ರತಿ ಜಿಲ್ಲೆಯಲ್ಲೂ ಕಾನೂನು ಸೇವಾ ಪ್ರಾಧಿಕಾರವಿದೆ. ಮಹಾರಾಷ್ಟ್ರದಲ್ಲಿ ಅದರ ಫಲಕ ‘ಜಿಲ್ಹಾ ವಿಧಿ ಸೇವಾ ಪ್ರಾಧಿಕರಣ’, ಆಂಧ್ರ ಮತ್ತು ತೆಲಂಗಾಣದಲ್ಲಿ ‘ಜಿಲ್ಲಾ ನ್ಯಾಯ ಸೇವಾಧಿಕಾರ ಸಂಸ್ಥ’. ಹೊಸೂರಿನವರಿಗೆ ಕೃಷ್ಣಗಿರಿ, ತಾಳವಾಡಿಯವರಿಗೆ ಈರೋಡು, ಜತ್ತದವರಿಗೆ ಸಾಂಗ್ಲಿ, ಅಕ್ಕಲಕೋಟೆಯವರಿಗೆ ಸೊಲ್ಲಾಪುರ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯಂತೆ ಮಹಿಳೆಯರು ಮತ್ತು ಮಕ್ಕಳಿಗೆ ಆದಾಯ ಎಷ್ಟೇ ಇದ್ದರೂ ಕಾನೂನು ನೆರವು ಉಚಿತ. ಸಹಾಯವಾಣಿ: 15100.

ಎಚ್ಚರಿಕೆ
ಹೊಡೆತ, ಬೆದರಿಕೆ ಇದ್ದಲ್ಲಿ ಮೊದಲು ರಕ್ಷಣೆ, ಆಮೇಲೆ ಮಾತುಕತೆ. ಮಹಿಳಾ ಸಹಾಯವಾಣಿ 181ಕ್ಕೆ ಕರೆ ಮಾಡಿ. ಒಪ್ಪಂದ ಮಲಯಾಳ, ತಮಿಳು, ಮರಾಠಿ, ತೆಲುಗು, ಇಂಗ್ಲಿಷ್ ಯಾವುದರಲ್ಲೇ ಇರಲಿ, ಕನ್ನಡದಲ್ಲಿ ಓದಿ ಹೇಳಿಸಿಕೊಳ್ಳದೆ ಸಹಿ ಹಾಕಬೇಡಿ. ಭಾಷೆಯ ತೊಡಕಿದೆ ಎಂದು ಮೊದಲ ದಿನವೇ ಮಧ್ಯಸ್ಥಗಾರರಿಗೆ ತಿಳಿಸಿ.