ಐರ್ಲೆಂಡಿನ ಹದಿಮೂರನೆಯ ಡಾಯ್ಲ್ (1948–51)

ಐರ್ಲೆಂಡಿನ ಪಾರ್ಲಿಮೆಂಟಿನ ಕೆಳಮನೆಗೆ ಡಾಯ್ಲ್ ಎಂದು ಹೆಸರು. 1948ರ ಫೆಬ್ರವರಿ 4ರ ಚುನಾವಣೆಯಿಂದ ರೂಪುಗೊಂಡ ಹದಿಮೂರನೆಯ ಡಾಯ್ಲ್, ಗಣರಾಜ್ಯ ಶಾಸನವನ್ನು ರಚಿಸಿದ ಸಭೆಯೆಂದು ಪ್ರಸಿದ್ಧವಾಗಿದೆ. ಆದರೆ ಅದರ ಕಠಿನ ಪರೀಕ್ಷೆ ನಡೆದುದು ಬೇರೊಂದು ವಿಷಯದಲ್ಲಿ.

ಒಟ್ಟು 147 ಸ್ಥಾನಗಳಲ್ಲಿ 68 ಡಿ ವೆಲೇರಾ ಅವರ ಫಿಯನ್ನ ಫಾಲ್ ಪಕ್ಷಕ್ಕೆ ದೊರೆತುವು. ಹದಿನಾರು ವರ್ಷ ಆಳಿದ್ದ ಆ ಪಕ್ಷವನ್ನು ಅಧಿಕಾರದಿಂದ ದೂರವಿಡಲು ಐದು ಪಕ್ಷಗಳೂ ಸ್ವತಂತ್ರ ಸದಸ್ಯರೂ ಒಂದುಗೂಡಿದರು. ಇವುಗಳಲ್ಲಿ ದೊಡ್ಡದಾದ ಫಿನ ಗೇಲ್ ಪಕ್ಷದ ನಾಯಕ ಮಲ್ಕಾಹಿ ಅವರು ಅಂತರ್ಯುದ್ಧದಲ್ಲಿ ಸರ್ಕಾರದ ಸೇನೆಯನ್ನು ನಡೆಸಿದ್ದವರು. ಗಣರಾಜ್ಯವಾದಿಗಳಿಗೆ ಅವರು ಒಪ್ಪಿಗೆಯಾಗಲಿಲ್ಲ. ಆದುದರಿಂದ ಅದೇ ಪಕ್ಷದ ನ್ಯಾಯವಾದಿ ಜಾನ್ ಕಾಸ್ಟೆಲೊ ಪ್ರಧಾನಿಯಾದರು.

ಸಾರ್ವಭೌಮತ್ವದ ಪ್ರಶ್ನೆಯಲ್ಲಿ ತೊಡಕು ಬರಲಿಲ್ಲ. ಗಣರಾಜ್ಯ ಶಾಸನವನ್ನು ಡಿ ವೆಲೇರಾ ಅವರ ಪಕ್ಷವೂ ವಿರೋಧಿಸಲಿಲ್ಲ. 1949ರ ಏಪ್ರಿಲ್ 18ರಂದು ಅದು ಜಾರಿಗೆ ಬಂದು, ಐರ್ಲೆಂಡು ಕಾಮನ್‌ವೆಲ್ತಿನಿಂದ ಹೊರಬಂದಿತು. ಅದೇ ತಿಂಗಳ ಕೊನೆಯಲ್ಲಿ ಲಂಡನ್ ಘೋಷಣೆಯು ಭಾರತಕ್ಕೆ ಗಣರಾಜ್ಯವಾಗಿಯೂ ಅದರಲ್ಲಿ ಉಳಿಯುವ ದಾರಿ ತೆರೆದುದು ಗಮನಾರ್ಹ.

ಕಲಹ ಹುಟ್ಟಿದುದು ತಾಯಿಮಕ್ಕಳ ಆರೋಗ್ಯ ಯೋಜನೆಯಿಂದ. ತಾಯಂದಿರಿಗೂ ಹದಿನಾರು ವಯಸ್ಸಿನವರೆಗಿನ ಮಕ್ಕಳಿಗೂ, ವರಮಾನವನ್ನು ವಿಚಾರಿಸದೆ, ಉಚಿತ ಚಿಕಿತ್ಸೆ ದೊರೆಯಬೇಕೆಂದು ಆರೋಗ್ಯಮಂತ್ರಿ ನೋಯಲ್ ಬ್ರೌನ್ ಬಯಸಿದರು. ವೈದ್ಯರ ಸಂಘವೂ ಕ್ಯಾಥೊಲಿಕ್ ಬಿಷಪ್ಪರೂ ವಿರೋಧಿಸಿದರು. ಮಂತ್ರಿಮಂಡಲವು ಬಿಷಪ್ಪರ ಮಾತಿಗೆ ಮಣಿಯಿತು. 1951ರ ಏಪ್ರಿಲ್ 11ರಂದು ಬ್ರೌನ್ ರಾಜೀನಾಮೆಯಿತ್ತು, ಪತ್ರವ್ಯವಹಾರವನ್ನು ಪತ್ರಿಕೆಗಳಿಗೆ ಒಪ್ಪಿಸಿದರು. ಹಾಲಿನ ಬೆಲೆಯ ವಿವಾದದಲ್ಲಿ ಕೆಲವು ಸದಸ್ಯರ ಬೆಂಬಲವೂ ತಪ್ಪಿತು. ಮೇ 30ರ ಚುನಾವಣೆಯ ತರುವಾಯ ಡಿ ವೆಲೇರಾ ಮರಳಿ ಪ್ರಧಾನಿಯಾದರು.

ಬ್ರಿಟಿಷ್ ದೊರೆಗೆ ಉಳಿದಿದ್ದ ಅಧಿಕಾರವನ್ನು ತೊಡೆದುಹಾಕಿದ ಸರ್ಕಾರವೇ, ಜನರಿಂದ ಆಯ್ಕೆಯಾಗದವರ ಆಕ್ಷೇಪದೆದುರು ತನ್ನ ಯೋಜನೆಯನ್ನು ಕೈಬಿಟ್ಟಿತು. ಈ ಸಭೆಯ ಚರಿತ್ರೆಯನ್ನು ಗಣರಾಜ್ಯ ಶಾಸನವೊಂದರಿಂದಲೇ ಅಳೆದರೆ ಸಾಲದು.