ಹಾರಿಸಿದ ತೋಟೆಯ ಹಿತ್ತಾಳೆ ಡೈಗೆ ಹಾಕಿದರೆ ಹೊಸದಾಗುತ್ತದೆಯೇ?

"ಖಾಲಿ ತೋಟೆ ಎಸೆಯಬೇಡಿ, ಡೈಯಲ್ಲಿ ಒಮ್ಮೆ ಒತ್ತಿ ಮದ್ದು ತುಂಬಿದರೆ ಹೊಸದೇ ಆಗುತ್ತದೆ" ಎನ್ನುವ ವಿಡಿಯೋಗಳು ಯೂಟ್ಯೂಬಿನಲ್ಲಿ ಬೇಕಾದಷ್ಟಿವೆ. ಕಾಡುಹಂದಿ, ಮಂಗಗಳ ಕಾಟದಿಂದ ಬೇಸತ್ತು ಬೆಳೆ ರಕ್ಷಣೆಗೆಂದು ಕೋವಿ ಇಟ್ಟುಕೊಂಡ ಮನೆಗಳು ಧರ್ಮಸ್ಥಳದ ಸುತ್ತಮುತ್ತ, ಬೆಳ್ತಂಗಡಿ, ಬಂಟ್ವಾಳ, ಮೂಡುಬಿದಿರೆ ಕಡೆ ಸಾಕಷ್ಟಿರುವುದರಿಂದ ಇಂಥ ವಿಡಿಯೋ ಊರಿನ ವಾಟ್ಸಾಪ್ ಗುಂಪಿಗೆ ಬಂದು ಬಿದ್ದರೆ ಆಶ್ಚರ್ಯವಿಲ್ಲ. ತೋಟೆಯ ಬೆಲೆ ನೋಡಿದರೆ ಆಸೆ ಹುಟ್ಟುವುದೂ ಸಹಜ.

ಚುಟುಕಾಗಿ ಹೇಳುವುದಾದರೆ, ಅಳತೆಗೆ ತಂದ ಹಿತ್ತಾಳೆ ಮತ್ತೆ ಬಳಕೆಗೆ ಬರುತ್ತದೆ ಎನ್ನುವುದು ನಿಜ, ಹೊಸದಾಗುತ್ತದೆ ಎನ್ನುವುದು ಸುಳ್ಳು. ಯಾವ ರೀತಿ ಒತ್ತಬೇಕು ಎನ್ನುವುದಕ್ಕೆ ಎಲ್ಲ ರೈಫಲಿಗೂ ಒಗ್ಗುವ ಒಂದೇ ಉತ್ತರವಿಲ್ಲ. ಈ ವಿಡಿಯೋಗಳಲ್ಲಿ ಹೆಚ್ಚಿನವು ಅಮೆರಿಕದವು. ಅಲ್ಲಿ ಇದು ಮನೆಯ ಶೆಡ್ಡಿನಲ್ಲಿ ಮಾಡುವ ಹವ್ಯಾಸ, ಇಲ್ಲಿ ಕಾನೂನಿನ ವಿಷಯ.

ಹಾರಿದಾಗ ಏನಾಗುತ್ತದೆ?

ರೈಫಲ್ ತೋಟೆಯ ಹೊರಕವಚವನ್ನು ಕೇಸ್ ಎನ್ನುತ್ತಾರೆ (ಪೊಲೀಸ್ ಕೇಸ್ ಅಲ್ಲ, ಅದರ ವಿಷಯ ಮುಂದೆ ಬರುತ್ತದೆ). ಸಾಮಾನ್ಯವಾಗಿ 70 ಪಾಲು ತಾಮ್ರ, 30 ಪಾಲು ಸತುವಿನ ಹಿತ್ತಾಳೆ. ಆಕಾರ ಸಣ್ಣ ಬಾಟಲಿಯಂತೆ: ದಪ್ಪ ಬುಡ, ಉದ್ದನೆ ಒಡಲು, ಇಳಿಜಾರಿನ ಹೆಗಲು, ಗುಂಡನ್ನು ಹಿಡಿದುಕೊಳ್ಳುವ ಕುತ್ತಿಗೆ.

ಕಾರಿನ ಟಯರಿನಲ್ಲಿ ಗಾಳಿಯ ಒತ್ತಡ 30ರಿಂದ 35 ಪಿಎಸ್‌ಐ. ಆಧುನಿಕ ರೈಫಲಿನ ಕೇಸ್ ಒಳಗೆ ಮದ್ದು ಉರಿದಾಗ ಅದು 50ರಿಂದ 60 ಸಾವಿರ ಪಿಎಸ್‌ಐ ಮುಟ್ಟುತ್ತದೆ. ಆ ಕ್ಷಣದಲ್ಲಿ ಹಿತ್ತಾಳೆ ಉಬ್ಬಿ ಚೇಂಬರಿನ ಗೋಡೆಗೆ ಅಂಟಿಕೊಂಡು, ಬಿಸಿ ಅನಿಲ ಹಿಂದಕ್ಕೆ, ಎಂದರೆ ಹಾರಿಸಿದವರ ಮುಖಕ್ಕೆ, ಬಾರದಂತೆ ತಡೆಯುತ್ತದೆ. ಒತ್ತಡ ಇಳಿದ ಮೇಲೆ ಸ್ವಲ್ಪ ಕುಗ್ಗುತ್ತದೆ, ಆದರೆ ಮೊದಲಿನ ಅಳತೆಗೆ ಬರುವುದಿಲ್ಲ. ಹೊರಗೆ ಬಿದ್ದ ಕೇಸ್ ಆ ಒಂದು ರೈಫಲಿನ ಚೇಂಬರಿನ ಅಚ್ಚು. ಇನ್ನೊಬ್ಬರ ಅದೇ ಮಾದರಿಯ ರೈಫಲಿಗೆ ಅದು ಹೋದೀತು, ಹೋಗದೆಯೂ ಇದ್ದೀತು.

ಪೂರ್ತಿ ಒತ್ತುವುದೇ, ಕುತ್ತಿಗೆ ಮಾತ್ರವೇ?

ಒಂದು ವಿಧಾನದಲ್ಲಿ ಡೈ ಇಡೀ ಕೇಸನ್ನು, ಒಡಲು, ಹೆಗಲು, ಕುತ್ತಿಗೆ ಎಲ್ಲವನ್ನೂ ಒತ್ತಿ ಚಿಕ್ಕದು ಮಾಡುತ್ತದೆ. ಇನ್ನೊಂದರಲ್ಲಿ ಗುಂಡು ಬಿಗಿಯಾಗಿ ಕೂರುವಷ್ಟು ಕುತ್ತಿಗೆಯನ್ನು ಮಾತ್ರ ಕಿರಿದು ಮಾಡಿ, ಉಳಿದದ್ದನ್ನು ಚೇಂಬರಿನ ಅಚ್ಚಿನಂತೆಯೇ ಬಿಡುತ್ತಾರೆ.

ಕುತ್ತಿಗೆ ಮಾತ್ರ ಒತ್ತಿದರೆ ಗುರಿ ನಿಖರ, ಹಿತ್ತಾಳೆಗೂ ಬಾಳಿಕೆ ಎನ್ನುವುದು ಹಳೆಯ ನಂಬಿಕೆ. ಬಾಳಿಕೆಯ ಮಾತಿನಲ್ಲಿ ಹುರುಳಿದೆ, ಲೋಹವನ್ನು ಕಡಿಮೆ ಎಳೆದಾಡಿದರೆ ಅದು ಕಡಿಮೆ ದಣಿಯುತ್ತದೆ. ಆದರೆ ಆ ಕೇಸ್ ಅದೇ ರೈಫಲಿಗೆ ಮಾತ್ರ, ಅದೂ ಕೈಯಿಂದ ಬೋಲ್ಟ್ ಎಳೆಯುವ ರೈಫಲಾಗಿದ್ದರೆ. ತಾನಾಗಿ ಮುಂದಿನ ತೋಟೆ ತುಂಬಿಕೊಳ್ಳುವ ರೈಫಲಿನಲ್ಲಿ ಉಬ್ಬಿದ ಕೇಸ್ ಅರ್ಧಕ್ಕೆ ಸಿಕ್ಕಿಕೊಳ್ಳಬಹುದು. ಬೋಲ್ಟ್ ರೈಫಲಿನಲ್ಲೂ ಕೆಲವು ಸಲ ಹಾರಿಸಿದ ಮೇಲೆ ಕೇಸ್ ಬಿಗಿಯಾಗಿ, ಬೋಲ್ಟ್ ಮುಚ್ಚಲು ಬಲ ಹಾಕಬೇಕಾಗುತ್ತದೆ. ಆಗ ಪೂರ್ತಿ ಒತ್ತದೆ ಗತ್ಯಂತರವಿಲ್ಲ.

ನಿಖರತೆಯ ಮಾತು ಹಾಗಲ್ಲ. ದೂರದ ಗುರಿಗೆ ಸ್ಪರ್ಧಿಸುವ ಅನೇಕರು ಇಂದು ಪ್ರತಿ ಸಲವೂ ಪೂರ್ತಿ ಒತ್ತುತ್ತಾರೆ, ಆದರೆ ಅಳೆದು. ಹೆಗಲನ್ನು ಹಿಂದಕ್ಕೆ ತಳ್ಳುವುದು ಇಂಚಿನ ಸಾವಿರದ ಒಂದೆರಡು ಪಾಲು ಮಾತ್ರ, ಎಂದರೆ 0.025ರಿಂದ 0.05 ಮಿಲಿಮೀಟರ್. ತಲೆಗೂದಲಿನ ದಪ್ಪಕ್ಕಿಂತ ಕಡಿಮೆ. ಆದ್ದರಿಂದ ಪೂರ್ತಿಯೋ ಕುತ್ತಿಗೆಯೋ ಎನ್ನುವುದಕ್ಕಿಂತ ಎಷ್ಟು ಒತ್ತಿದಿರಿ ಎನ್ನುವುದು ದೊಡ್ಡ ಪ್ರಶ್ನೆ ಎಂದು ನಮಗೆ ಅನಿಸುತ್ತದೆ.

ವಿಡಿಯೋಗಳು ಎಡವುವುದೂ ಇಲ್ಲೇ. ಡೈಯನ್ನು ಪ್ರೆಸ್ಸಿಗೆ ಮುಟ್ಟುವ ತನಕ ತಿರುಗಿಸಿ, ಒತ್ತಿ, ಮುಗಿಯಿತು ಎನ್ನುತ್ತಾರೆ. ಹಾಗೆ ಅಳತೆಯಿಲ್ಲದೆ ಒತ್ತಿದರೆ ಹೆಗಲು ಬೇಕಾದ್ದಕ್ಕಿಂತ ಹಿಂದೆ ಹೋಗುತ್ತದೆ. ಮತ್ತೆ ಹಾರಿಸಿದಾಗ ಕೇಸಿನ ಮುಂಭಾಗ ಚೇಂಬರಿಗೆ ಅಂಟಿಕೊಂಡಿರುತ್ತದೆ, ಬುಡ ಮಾತ್ರ ಹಿಂದಕ್ಕೆ ಸರಿಯುತ್ತದೆ, ನಡುವಿನ ಗೋಡೆ ಎಳೆದು ತೆಳುವಾಗುತ್ತದೆ. ಇದನ್ನೇ ನಾಲ್ಕಾರು ಸಲ ಮಾಡಿದರೆ ಒಂದು ದಿನ ಬುಡ ಕಳಚಿಕೊಂಡು, ಉಳಿದ ಕೇಸ್ ಚೇಂಬರಿನಲ್ಲೇ ಉಳಿಯುತ್ತದೆ. ಅನಿಲ ಹಿಂದಕ್ಕೆ ನುಗ್ಗಿದರೆ ಹೋಗುವುದು ಕಣ್ಣು. ಇದರ ಮುನ್ಸೂಚನೆ ಎಂದರೆ ಬುಡದಿಂದ ಸ್ವಲ್ಪ ಮೇಲೆ ಹೊರಗೆ ಕಾಣುವ ಹೊಳೆಯುವ ಬಳೆಯಂಥ ಗೆರೆ. ಒಳಗಿನಿಂದ ತುದಿ ಬಾಗಿಸಿದ ತಂತಿಯನ್ನು ಗೋಡೆಗೆ ತಾಗಿಸಿ ಎಳೆದರೆ ಅಲ್ಲಿ ಕಾಲುವೆಯಂತೆ ತಟ್ಟುತ್ತದೆ. ಅಂಥ ಕೇಸನ್ನು ಯಾವ ಡೈಯೂ ಸರಿ ಮಾಡಲಾರದು.

ಭಾರತದಲ್ಲಿ ಪರವಾನಗಿ ಇರುವ ನಾಗರಿಕರ ರೈಫಲ್ ಎಂದರೆ ಬಹುಮಟ್ಟಿಗೆ .315. ಹಳೆಯ .303 ನಾಗರಿಕರಿಗೆ ನಿಷಿದ್ಧ. .315ರ ಕೇಸಿಗೆ ಬುಡದಲ್ಲಿ ಅಂಚು ಇದೆ, ಅದು ಚೇಂಬರಿನಲ್ಲಿ ನಿಲ್ಲುವುದು ಆ ಅಂಚಿನ ಮೇಲೆ, ಹೆಗಲಿನ ಮೇಲಲ್ಲ. ಹೆಗಲಿನ ಮುಂದೆ ಜಾಗ ಸಡಿಲವಾಗಿದ್ದರೂ ತೋಟೆ ಹಾರುತ್ತದೆ. ಪ್ರತಿ ಸಲ ಹೆಗಲು ಮುಂದಕ್ಕೆ ಉಬ್ಬುವುದು, ಡೈ ಅದನ್ನು ಹಿಂದಕ್ಕೆ ತಳ್ಳುವುದು, ಹೀಗೆ ಹಿತ್ತಾಳೆ ಬೇಗ ಸೋಲುತ್ತದೆ. ಇಂಥ ಅಂಚಿನ ಕೇಸುಗಳಲ್ಲಿ ಹೆಗಲನ್ನು ಅನಗತ್ಯವಾಗಿ ಮುಟ್ಟದಿರುವುದೇ ಮೇಲು. ಅಂಚಿಲ್ಲದ ವಿದೇಶಿ ತೋಟೆಗಳಿಗೆ ಕೊಟ್ಟ ಸಲಹೆಯನ್ನು ಇದಕ್ಕೆ ಹಾಗೆಯೇ ಹಚ್ಚಲು ಬರುವುದಿಲ್ಲ.

ಕೆಂಪಗೆ ಕಾಯಿಸಿ ನೀರಿಗೆ ಹಾಕಿದರೆ ಗಟ್ಟಿಯಾಗುತ್ತದೆಯೇ?

ಇಲ್ಲ. ಇದು ಕಮ್ಮಾರನ ಕುಲುಮೆಯಿಂದ ಬಂದ ತಪ್ಪು ಲೆಕ್ಕ. ಕತ್ತಿಯ ಉಕ್ಕು ಕಾಯಿಸಿ ನೀರಿಗೆ ಅದ್ದಿದರೆ ಗಟ್ಟಿಯಾಗುತ್ತದೆ. ಹಿತ್ತಾಳೆ ಗಟ್ಟಿಯಾಗುವುದು ಬಡಿದಾಗ, ಬಾಗಿಸಿದಾಗ, ಒತ್ತಿದಾಗ. ಕಾಯಿಸಿದರೆ ಅದು ಮೆತ್ತಗಾಗುತ್ತದೆ, ನೀರಿಗೆ ಹಾಕಿದರೂ ಬಿಟ್ಟರೂ ಅಷ್ಟೇ. ಚೆಂಬು, ಕೊಡಪಾನ ಬಡಿಯುವವರು ಇದನ್ನು ಚೆನ್ನಾಗಿ ಬಲ್ಲರು. ಬಡಿದು ಬಡಿದು ತಗಡು ಬಿರುಸಾದಾಗ ಅವರು ಅದನ್ನು ಬೆಂಕಿಗೆ ಹಿಡಿದು ಮೆದು ಮಾಡಿಕೊಂಡೇ ಮುಂದಿನ ಕೆಲಸಕ್ಕೆ ಇಳಿಯುವುದು.

ಹಲವು ಸಲ ಒತ್ತಿದ ಕೇಸಿನ ಕುತ್ತಿಗೆ ಬಿರುಸಾಗಿ ಸೀಳುವುದರಿಂದ, ತಿಳಿದವರು ಕುತ್ತಿಗೆ ಮತ್ತು ಹೆಗಲನ್ನು ಮಾತ್ರ ಹದವಾಗಿ ಕಾಯಿಸುತ್ತಾರೆ. ಇಡೀ ಕೇಸನ್ನು ಕೆಂಡಕ್ಕೆ ಹಾಕಿದರೆ ಬುಡವೂ ಮೆತ್ತಗಾಗುತ್ತದೆ. ಒತ್ತಡ ತಾಳಬೇಕಾದ ಭಾಗವೇ ಬುಡ, ಒಮ್ಮೆ ಅದು ಮೆತ್ತಗಾದರೆ ಮತ್ತೆ ಗಟ್ಟಿ ಮಾಡುವ ಉಪಾಯ ಮನೆಯಲ್ಲಿಲ್ಲ.

ಮಳೆಗಾಲ ಮತ್ತು ಕೊಟ್ಟಿಗೆ

ಹಿತ್ತಾಳೆ ಕೇಸಿನ ಅತ್ಯಂತ ಪ್ರಸಿದ್ಧ ಕಾಯಿಲೆ ಪತ್ತೆಯಾದದ್ದು ನಮ್ಮ ದೇಶದಲ್ಲೇ. ಬ್ರಿಟಿಷ್ ಸೈನ್ಯ ಮಳೆಗಾಲದಲ್ಲಿ ತೋಟೆಗಳನ್ನು ಕುದುರೆ ಲಾಯಗಳಲ್ಲಿ ಇಡುತ್ತಿತ್ತು. ಮಳೆ ನಿಂತ ಮೇಲೆ ನೋಡಿದರೆ, ಒಂದು ಗುಂಡೂ ಹಾರಿಸದೆ ಅನೇಕ ಕೇಸುಗಳು ಬಿರುಕು ಬಿಟ್ಟಿದ್ದವು, ಅದರಲ್ಲೂ ಗುಂಡನ್ನು ಬಿಗಿದ ಕುತ್ತಿಗೆಯ ಬಳಿ. ಋತುವಿಗೆ ತಕ್ಕಂತೆ ಬರುವ ಬಿರುಕು ಎಂದು ಇಂಗ್ಲಿಷಿನಲ್ಲಿ ಸೀಸನ್ ಕ್ರ್ಯಾಕಿಂಗ್ ಎಂಬ ಹೆಸರೂ ಬಿತ್ತು. ಕಾರಣ ಸ್ಪಷ್ಟವಾದದ್ದು 1921ರಲ್ಲಿ. ಕುದುರೆ ಮೂತ್ರದಿಂದ ಏಳುವ ಅಮೋನಿಯಾ, ಮಳೆಗಾಲದ ತೇವ, ತಯಾರಿಕೆಯಲ್ಲಿ ಎಳೆದು ಒತ್ತಿದಾಗ ಲೋಹದೊಳಗೆ ಉಳಿದ ಬಿಗುವು, ಈ ಮೂರೂ ಕೂಡಿದರೆ ಹಿತ್ತಾಳೆ ಒಳಗಿನಿಂದ ಸೀಳುತ್ತದೆ.

ನಮ್ಮ ಕಡೆ ಕುದುರೆ ಲಾಯ ಇಲ್ಲದಿರಬಹುದು, ದನದ ಕೊಟ್ಟಿಗೆ ಇದೆ, ಜೂನ್‌ನಿಂದ ಸೆಪ್ಟೆಂಬರ್ ತನಕ ಗೋಡೆಯೂ ಬೆವರುವ ಮಳೆ ಇದೆ. ಗಂಜಳದಲ್ಲೂ ಅದೇ ಅಮೋನಿಯಾ. ಡೈಯಲ್ಲಿ ಒತ್ತಿದ ಕೇಸಿನಲ್ಲಿ ಬಿಗುವು ಇನ್ನೂ ಹೆಚ್ಚು. ಕೊಟ್ಟಿಗೆಗೆ ತಾಗಿದ ಕೋಣೆಯಲ್ಲಿ, ಯೂರಿಯಾ ಚೀಲದ ಪಕ್ಕದಲ್ಲಿ ತೋಟೆ ಇಡಬಾರದು ಎನ್ನುವುದಕ್ಕೆ ಇದೇ ಕಾರಣ. ಅಂಗಡಿಯಿಂದ ತಂದ ಹೊಸ ತೋಟೆಗೂ ಈ ಮಾತು ಸಲ್ಲುತ್ತದೆ. ಅಮೋನಿಯಾ ಇರುವ ಪಾಲಿಶ್‌ನಿಂದ ಉಜ್ಜುವುದೂ ಬೇಡ.

ನಮ್ಮೂರ ಕೋವಿಗೆ ಇದೆಲ್ಲ ಬೇಕೇ?

ಬಹುಪಾಲು ಬೇಡ. ಬೆಳೆ ರಕ್ಷಣೆಯ ಕೋವಿ ಹೆಚ್ಚಾಗಿ 12 ಬೋರಿನ ಒಂಟಿ ಅಥವಾ ಜೋಡಿ ನಳಿಗೆಯದ್ದು. ಅದರ ತೋಟೆಗೆ ಹೆಗಲೂ ಇಲ್ಲ, ಕುತ್ತಿಗೆಯೂ ಇಲ್ಲ. ಒಡಲು ಪ್ಲಾಸ್ಟಿಕ್ಕು ಅಥವಾ ಕಾಗದ, ಬುಡ ಮಾತ್ರ ಲೋಹ. ರೈಫಲ್ ಡೈಯ ವಿಡಿಯೋ ಅದಕ್ಕೆ ಅನ್ವಯಿಸುವುದೇ ಇಲ್ಲ. ಬಾಯಿಯಿಂದ ಮದ್ದು ತುಂಬುವ ಹಳೆಯ ಕೋವಿಗೆ ಕೇಸೇ ಇಲ್ಲ. ಕ್ರೀಡಾ ಶೂಟಿಂಗಿನ .22 ತೋಟೆಯಲ್ಲಿ ಕಿಡಿ ಹೊತ್ತಿಸುವ ರಾಸಾಯನಿಕ ಬುಡದ ಅಂಚಿನೊಳಗೇ ಇರುವುದರಿಂದ ಅದನ್ನು ಮರುತುಂಬಿಸುವ ಮಾತಿಲ್ಲ.

ಇನ್ನು ಕಾನೂನು. 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ಮದ್ದುಗುಂಡು ತಯಾರಿಸಲು ಪ್ರತ್ಯೇಕ ಪರವಾನಗಿ ಬೇಕು. ಮದ್ದುಗುಂಡಿನ ಬಿಡಿಭಾಗಗಳನ್ನೂ ಅದನ್ನು ತಯಾರಿಸುವ ಯಂತ್ರವನ್ನೂ ಕಾಯ್ದೆ ಮದ್ದುಗುಂಡು ಎಂದೇ ಎಣಿಸುತ್ತದೆ. ಪರವಾನಗಿ ಇಲ್ಲದೆ ತಯಾರಿಸಿದರೆ, 2019ರ ತಿದ್ದುಪಡಿಯ ನಂತರ, ಕನಿಷ್ಠ 7 ವರ್ಷದಿಂದ ಜೀವಾವಧಿಯವರೆಗೆ ಶಿಕ್ಷೆ. ನಿಮ್ಮ ಕೈಯಲ್ಲಿರುವ ಬೆಳೆ ರಕ್ಷಣೆಯ ಪರವಾನಗಿ ಕೋವಿ ಇಟ್ಟುಕೊಳ್ಳಲು, ನಮೂದಾದಷ್ಟು ತೋಟೆ ಕೊಳ್ಳಲು. ಖಾಲಿ ಕೇಸಿಗೆ ಪ್ರೈಮರ್, ಮದ್ದು, ಗುಂಡು ಕೂಡಿಸಿ ಸಜೀವ ತೋಟೆ ಮಾಡಿ, ಇದು ತಯಾರಿಕೆ ಅಲ್ಲ ಎಂದು ವಾದಿಸಲು ಹೊರಡುವುದು ಜಾಣತನವಲ್ಲ. ಅನುಮಾನವಿದ್ದರೆ ಕೇಳಬೇಕಾದ್ದು ಪರವಾನಗಿ ಕೊಟ್ಟ ಕಚೇರಿಯನ್ನು. ಬಂಟ್ವಾಳ, ಬೆಳ್ತಂಗಡಿಯವರಿಗೆ ಅದು ಜಿಲ್ಲಾಧಿಕಾರಿ ಕಚೇರಿ. ಮೂಡುಬಿದಿರೆ ಠಾಣೆ ಮಂಗಳೂರು ಪೊಲೀಸ್ ಕಮಿಷನರೇಟ್ ವ್ಯಾಪ್ತಿಗೆ ಬರುತ್ತದೆ.

ಶೋಕೇಸಿನಲ್ಲಿ ನೆನಪಿಗೆಂದು ಇಟ್ಟ ಒಂದು ಖಾಲಿ ಕೇಸಿಗೂ ಶಿಕ್ಷೆಯೇ ಎಂದು ಹೆದರಬೇಕಾಗಿಲ್ಲ. ಉಳಿದ ಭಾಗಗಳ ಜೊತೆ ಬಳಸುವ ಉದ್ದೇಶವಿಲ್ಲದ ಸಣ್ಣ ಬಿಡಿಭಾಗಗಳಿಗೆ ಅದೇ ಕಾಯ್ದೆಯ 45ನೇ ಸೆಕ್ಷನ್ ವಿನಾಯಿತಿ ಕೊಡುತ್ತದೆ. ಆದರೆ ಬಜಪೆ ವಿಮಾನ ನಿಲ್ದಾಣದ ಸ್ಕ್ಯಾನರಿಗೆ ನಿಮ್ಮ ಉದ್ದೇಶ ಕಾಣುವುದಿಲ್ಲ. ದುಬೈಗೋ ಮುಂಬೈಗೋ ಹೊರಟ ಮಗನ ಬ್ಯಾಗಿನ ಮೂಲೆಯಲ್ಲಿ ಅದು ಉಳಿದಿಲ್ಲವೇ ಎಂದು ಹೊರಡುವ ಮೊದಲು ಒಮ್ಮೆ ಕೊಡವಿ ನೋಡಿ.