ಡೇಟಾ ಅನಾಲಿಟಿಕ್ಸ್ ದೊಡ್ಡ ಕಂಪನಿಗಳಿಗೆ ಮಾತ್ರವೇ? ದೊಡ್ಡಬಳ್ಳಾಪುರದ ಮಗ್ಗದ ಲೆಕ್ಕ ಏನು ಹೇಳುತ್ತದೆ

"ಈ ಆ್ಯಪ್ ಹಾಕಿಕೊಳ್ಳಿ, ಯಾವ ಮಾಲು ಓಡುತ್ತದೆ ಎಂದು ಎಐ ಹೇಳುತ್ತದೆ, ಲಾಭ ದುಪ್ಪಟ್ಟು!" ಎಂಬ ಬಗೆಯ ಸಂದೇಶಗಳು ವ್ಯಾಪಾರಿಗಳ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಓಡಾಡುತ್ತವೆ. ಇನ್ನೊಂದು ಕಡೆ, "ಡೇಟಾ ಗೀಟಾ ಎಲ್ಲ ದೊಡ್ಡ ಕಂಪನಿಗಳಿಗೆ, ನಮಗೆ ಅನುಭವವೇ ಸಾಕು" ಎನ್ನುವವರಿದ್ದಾರೆ. ಎರಡೂ ಅರ್ಧ ಸತ್ಯ. ವಿದ್ಯುತ್ ಮಗ್ಗಗಳಿಗೆ, ಸೀರೆಗಳಿಗೆ ಹೆಸರಾದ ದೊಡ್ಡಬಳ್ಳಾಪುರವನ್ನೇ ಉದಾಹರಣೆಯಾಗಿ ಇಟ್ಟುಕೊಂಡು ನೋಡೋಣ.

ಡೇಟಾ ಎಂದರೇನು?

ಮಗ್ಗದ ಮಾಲೀಕರ ಬಿಲ್ ಪುಸ್ತಕವೇ ಡೇಟಾ. ಯಾವ ಡಿಸೈನ್ ಯಾವ ದಿನ ಹೋಯಿತು, ನೂಲಿನ ದರ ಎಷ್ಟಿತ್ತು, ಯಾವ ಅಂಗಡಿಯವರು ಎಷ್ಟು ದಿನಕ್ಕೆ ಹಣ ಕೊಟ್ಟರು, ಎಷ್ಟು ಸೀರೆ ವಾಪಸ್ ಬಂತು ಎಂಬುದೆಲ್ಲ ಅದರಲ್ಲಿದೆ. ಇವನ್ನು ಜೋಡಿಸಿ, ಹೋಲಿಸಿ, ಮುಂದಿನ ತಿಂಗಳು ಏನು ನೇಯಬೇಕು ಎಂದು ತೀರ್ಮಾನಿಸುವುದೇ ಅನಾಲಿಟಿಕ್ಸ್.

ತಪ್ಪು ಹೋಲಿಕೆ: ತಿಂಗಳಿಗೆ ತಿಂಗಳು

ವರಮಹಾಲಕ್ಷ್ಮಿ ಹಬ್ಬಕ್ಕೆ ಸೀರೆ ವ್ಯಾಪಾರ ಜೋರು. 2023ರಲ್ಲಿ ಅಧಿಕ ಶ್ರಾವಣ ಬಂದಿದ್ದರಿಂದ ಹಬ್ಬ ಆಗಸ್ಟ್ 25ಕ್ಕೆ ಬಿತ್ತು. 2024ರಲ್ಲಿ ಆಗಸ್ಟ್ 16, 2025ರಲ್ಲಿ ಆಗಸ್ಟ್ 8. ಹಬ್ಬಕ್ಕೆ ಮುಂಚಿನ ವಾರಗಳ ವ್ಯಾಪಾರ 2023ರಲ್ಲಿ ಆಗಸ್ಟ್ ಲೆಕ್ಕಕ್ಕೆ ಸೇರಿದರೆ, 2025ರಲ್ಲಿ ಹೆಚ್ಚಿನ ಭಾಗ ಜುಲೈಗೆ ಸೇರುತ್ತದೆ. ಬರೀ ಆಗಸ್ಟ್ ನೋಡಿದವರಿಗೆ "ವ್ಯಾಪಾರ ಬಿದ್ದುಹೋಯಿತು" ಎನಿಸುತ್ತದೆ. ಆ ಗಾಬರಿಯಲ್ಲಿ ಮಗ್ಗ ನಿಲ್ಲಿಸಿದರೆ ನೇಕಾರರ ಕೂಲಿಗೆ ಪೆಟ್ಟು. ಸರಿಯಾದ ಹೋಲಿಕೆ ಎಂದರೆ ಹಬ್ಬಕ್ಕೆ ಎಷ್ಟು ವಾರ ಮುಂಚೆ ಎಷ್ಟು ಸೀರೆ ಹೋಯಿತು ಎಂಬುದು. 2026ರಲ್ಲಿ ಅಧಿಕ ಜ್ಯೇಷ್ಠ ಇರುವುದರಿಂದ ಹಬ್ಬ ಮತ್ತೆ ಆಗಸ್ಟ್ ಕೊನೆಯ ಭಾಗಕ್ಕೆ ಸರಿಯುತ್ತದೆ. ಪಂಚಾಂಗ ಗೊತ್ತಿಲ್ಲದ ಆ್ಯಪ್‌ಗೆ ಇದು ತಿಳಿಯುವುದಿಲ್ಲ.

ಸರಾಸರಿಯ ಮೋಸ

ಹತ್ತು ಅಂಗಡಿಗಳಿಗೆ ಉದ್ರಿ ಕೊಟ್ಟಿದ್ದೀರಿ ಎಂದುಕೊಳ್ಳಿ. ಒಂಬತ್ತು ಅಂಗಡಿಯವರು 30 ದಿನಕ್ಕೆ ಹಣ ಕೊಟ್ಟರು, ಒಬ್ಬರು 330 ದಿನಕ್ಕೆ. ಸರಾಸರಿ 60 ದಿನ! ಇದನ್ನು ನೋಡಿ ಎಲ್ಲರಿಗೂ ಉದ್ರಿ ನಿಲ್ಲಿಸಿದರೆ ಒಂಬತ್ತು ಒಳ್ಳೆಯ ಗಿರಾಕಿಗಳು ಕೈತಪ್ಪುತ್ತಾರೆ. ತೊಂದರೆ ಇರುವುದು ಒಂದೇ ಅಂಗಡಿಯಲ್ಲಿ.

ಪುಸ್ತಕದಲ್ಲಿ ಕಾಣದ ಲೆಕ್ಕ

ಒಂದು ಡಿಸೈನ್ ಎರಡು ತಿಂಗಳಲ್ಲಿ 25 ಹೋಯಿತು. ಇನ್ನೊಂದು 20 ಮಾತ್ರ. ಮೊದಲನೆಯದೇ ಗೆದ್ದಿತೇ? ಎರಡನೆಯದು ನಾಲ್ಕೇ ದಿನಕ್ಕೆ ಖಾಲಿಯಾಗಿದ್ದರೆ ಉತ್ತರ ತಿರುಗಿಬೀಳುತ್ತದೆ. "ಇದೆಯಾ?" ಎಂದು ಕೇಳಿ ಬರಿಗೈಲಿ ಹೋದವರು ಬಿಲ್ ಪುಸ್ತಕದಲ್ಲಿ ಇರುವುದಿಲ್ಲ.

ಎರಡನೇ ಮಹಾಯುದ್ಧದಲ್ಲಿ ಸಂಖ್ಯಾಶಾಸ್ತ್ರಜ್ಞ ಅಬ್ರಹಾಂ ವಾಲ್ಡ್ ತೋರಿಸಿದ್ದೂ ಇದನ್ನೇ. ಮರಳಿ ಬಂದ ವಿಮಾನಗಳ ಮೇಲಿನ ಗುಂಡಿನ ಗುರುತನ್ನಷ್ಟೇ ಎಣಿಸಿದರೆ ಸಾಲದು. ಅಂಥ ಗುರುತು ಕಡಿಮೆ ಇರುವ ಜಾಗವೇ ಹೆಚ್ಚು ಅಪಾಯದ್ದು. ಅಲ್ಲಿ ಪೆಟ್ಟು ತಿಂದ ವಿಮಾನಗಳು ವಾಪಸ್ ಬರಲೇ ಇಲ್ಲ.

ಹಾಗಾದರೆ ಅನುಭವ ಬೇಡವೇ?

ಬೇಕು. 2020ರ ಲಾಕ್‌ಡೌನ್‌ನಲ್ಲಿ ಮದುವೆ, ಜಾತ್ರೆ ಎಲ್ಲ ನಿಂತಾಗ ಹಿಂದಿನ ವರ್ಷಗಳ ಲೆಕ್ಕ ಕೆಲಸಕ್ಕೆ ಬರಲಿಲ್ಲ. ಡೇಟಾ ಹೇಳುವುದು ಹಿಂದೆ ನಡೆದದ್ದನ್ನು. ಪರಿಸ್ಥಿತಿ ಬದಲಾಗಿದೆಯೇ ಎಂದು ನೋಡಿ ನಿರ್ಧರಿಸಬೇಕಾದವರು ಮಾಲೀಕರೇ. ಅನುಮಾನವಿದ್ದರೆ ಹನ್ನೆರಡೂ ಮಗ್ಗಕ್ಕೆ ಒಮ್ಮೆಲೇ ಹೊಸ ಡಿಸೈನ್ ಹಾಕದೆ, ಎರಡರಲ್ಲಿ ನೇಯ್ದು ನೋಡಿ.

ನೀವು ಮಾಡಬಹುದಾದದ್ದು

• ತಾರೀಖು, ಡಿಸೈನ್, ಬಣ್ಣ, ದರ, ಹಣ ಬಂದ ದಿನ: ಇಷ್ಟನ್ನು ತಪ್ಪದೆ ಬರೆದಿಡಿ. ಪುಸ್ತಕವಾದರೂ ಸರಿ, ಮೊಬೈಲ್‌ನ ಉಚಿತ ಸ್ಪ್ರೆಡ್‌ಶೀಟ್ ಆದರೂ ಸರಿ.
• ಕೇಳಿಬಂದು ಸಿಗದೆ ಹೋದ ಮಾಲನ್ನೂ ಗುರುತು ಹಾಕಿ.
• ಲೆಕ್ಕ ತೆರೆಯುವ ಮುಂಚೆ ಪ್ರಶ್ನೆ ಬರೆದುಕೊಳ್ಳಿ: "ಯಾವ ತೀರ್ಮಾನ ಮಾಡಬೇಕು?"
• ಯಾವುದೇ ಆ್ಯಪ್‌ಗೆ ಒಟಿಪಿ, ಬ್ಯಾಂಕ್ ಪಾಸ್‌ವರ್ಡ್ ಕೊಡಬೇಡಿ.

ನಮ್ಮ ತೀರ್ಮಾನ: "ಆ್ಯಪ್ ಹಾಕಿದರೆ ಲಾಭ ದುಪ್ಪಟ್ಟು" ಎಂಬುದು ನಂಬುವಂಥದ್ದಲ್ಲ. "ಸಣ್ಣವರಿಗೆ ಡೇಟಾ ಬೇಡ" ಎಂಬುದೂ ತಪ್ಪು. ಸರಿಯಾಗಿ ಬರೆದಿಟ್ಟ ಲೆಕ್ಕ, ಸರಿಯಾದ ಹೋಲಿಕೆ, ಜೊತೆಗೆ ಅನುಭವ ಸೇರಿದರೆ ಆರು ಮಗ್ಗದವರಿಗೂ ಉಪಯೋಗವಿದೆ. ಫಾರ್ವರ್ಡ್ ಮಾಡುವುದಿದ್ದರೆ ಇದನ್ನು ಮಾಡಿ.